ನಲವತ್ತೊಂದನೆಯ ಪ್ರಶ್ನೆ

6-7-2009, ಸೋಮವಾರ

ಎಂಟೂವರೆಗೆ ಲ್ಯಾಬಿನ ಬೀಗ ತೆಗೆದೆ. ಒಂದೇ ಭಾನುವಾರಕ್ಕೆ ಇಷ್ಟು ಧೂಳು. ಹೊಸಪೇಟೆಯ ಈ ಸಂಡೂರು ರಸ್ತೆಯ ಅದಿರು ಲಾರಿಗಳಿಗೆ ಭಾನುವಾರ ಇಲ್ಲ. ಕೀಬೋರ್ಡುಗಳೆಲ್ಲ ಕೆಂಪು. ಒದ್ದೆ ಬಟ್ಟೆ ಹಾಕಿದರೆ ಕೆಸರಾಗುತ್ತದೆ, ಒಣ ಬಟ್ಟೆಗೆ ಜಗ್ಗುವುದಿಲ್ಲ. ಬಣ್ಣ ಹಚ್ಚುವ ಹಳೆಯ ಬ್ರಷ್ಷೇ ಸರಿ. ಇಪ್ಪತ್ತೆರಡು ಕಂಪ್ಯೂಟರು, ಮುಕ್ಕಾಲು ಗಂಟೆ.

ಆಮೇಲೆ ಪ್ರಿನ್ಸಿಪಾಲರ ಕೋಣೆ. ಯುಪಿಎಸ್ ಹಾಕಿ, ಕಂಪ್ಯೂಟರ್ ಹಾಕಿ, ವಿದ್ಯಾಧೀಶ ಸರ್ ಅವರ ಪಾಸ್‌ವರ್ಡ್ ಒತ್ತಿ, ಮಾರ್ಕ್ಸು, ಹಾಜರಿ ಇರುವ ಕಾಲೇಜಿನ ಪುಟ ತೆರೆದಿಟ್ಟು ಬಂದೆ. ಹತ್ತಕ್ಕೆ ಸರ್ ಬಂದು ತೆರೆದ ಪರದೆಗೆ ಕೈಮುಗಿದು ಕುಳಿತರು. ದಿನವೂ ಹೀಗೆಯೇ.

ಎರಡು ವರ್ಷದ ಪದ್ಧತಿ ಇದು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಮೈನ್ಸ್ ಆಫೀಸಿಗೆ ಸೇರಿಹೋದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಸರ್ ತಾವೇ ಪಾಸ್‌ವರ್ಡ್ ಒತ್ತಲು ಹೋಗಿ ಮೂರು ಸಲ ತಪ್ಪಿ, ಅದು ಮುಚ್ಚಿಕೊಂಡು ಎರಡು ದಿನ ಕೆಲಸ ನಿಂತಿತ್ತು. ಆಗ ಕಸ ಗುಡಿಸುವ ನನ್ನನ್ನು ಕರೆದರು. "ಹೊಳೆಮ್ಮ, ನೀನ ಒತ್ತವಾ ದಿನಾ. ನಿನಗ್ಯಾಕ ಹೇಳ್ತೀನಿ ಅಂದ್ರ, ನೀನು ಮಾತಾಡೋದಿಲ್ಲ."

ಅದು ನಿಜ. ಮಾತಾಡುವುದಿಲ್ಲ. ಇಲ್ಲಿ ಬರೆಯುತ್ತೇನೆ, ಅಷ್ಟೆ. ಪಾಸ್‌ವರ್ಡನ್ನು ಇಲ್ಲಿಯೂ ಬರೆದಿಲ್ಲ.

9-7-2009, ಗುರುವಾರ

ಯೂನಿವರ್ಸಿಟಿಯಿಂದ ಪತ್ರ. ಮಾರ್ಕ್ಸು, ಹಾಜರಿ, ಅಡ್ಮಿಷನ್ನು ಎಲ್ಲವನ್ನೂ ಇಲ್ಲಿನ ಸರ್ವರಿನಿಂದ ತೆಗೆದು 'ಕ್ಲೌಡ್'ನಲ್ಲಿ ಇಡುತ್ತಾರಂತೆ. ಮೊದಲ ವರ್ಷ ಹತ್ತೇ ಕಾಲೇಜು. ಯಾವುದು ಸಿದ್ಧವಾಗಿದೆ ಎಂದು ನೋಡಲು ಒಬ್ಬರು ಬರುತ್ತಾರೆ.

ಕ್ಲೌಡ್ ಎಂದರೆ ಮೋಡ ಎಂದು ವಾಚ್‌ಮನ್ ಮಾರೆಪ್ಪನಿಗೆ ಯಾರೋ ಅರ್ಥ ಹೇಳಿದ್ದಾರೆ. ಮಧ್ಯಾಹ್ನವೆಲ್ಲ ಅದೇ ಅವನ ಬಾಯಲ್ಲಿ. "ಮಾಡದಾಗ ಮಾರ್ಕ್ಸ್ ಇಡ್ತಾರಂತ! ನಮ್ಮೂರ ಧೂಳಿಗೆ ಮಾಡ ಎಲ್ಲಿ ಕಾಣ್ತೈತಿ ಅಂತ ಮೊದ್ಲು ಕೇಳ್ರಿ ಅವರಿಗೆ."

13-7-2009, ಸೋಮವಾರ

ಬಂದರು. ವಯಸ್ಸಾದವರು ಎಂದುಕೊಂಡಿದ್ದೆ. ಅಲ್ಲ. ಭಾರ್ಗವ್ ಎಂದು ಹೆಸರು, ಧಾರವಾಡದವರು. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಾರೆ. ಮೂಗು ಒರೆಸಿದ ಕರವಸ್ತ್ರ ಕೆಂಪಾದದ್ದು ನೋಡಿ ಗಾಬರಿಯಾದರು.

"ರಕ್ತ ಏನ್ರಿ ಇದು?"

"ಬಂಗಾರ ರೀ ಸರ," ಎಂದ ಮಾರೆಪ್ಪ. "ಝಾಡಿಸಬ್ಯಾಡ್ರಿ, ಚೀನಾದೋರು ತೊಗೊಂತಾರ."

ಅರವತ್ನಾಲ್ಕು ಪ್ರಶ್ನೆಗಳ ಫಾರಂ ತಂದಿದ್ದಾರೆ. ಲ್ಯಾಬಿನ ವಿಷಯ ಬಂದಾಗ ಸರ್ ನನ್ನ ಕಡೆ ಕೈ ತೋರಿಸಿ, "ಆಕಿನ್ನ ಕೇಳ್ರಿ" ಎಂದರು. ನಾನು ಬಾಗಿಲಲ್ಲಿದ್ದೆ.

"ಬರ್ರಿ, ಕುಂದ್ರಿ," ಎಂದರು ಬಂದವರು.

ಲ್ಯಾಬಿನ ಕುರ್ಚಿಗಳನ್ನು ಒರೆಸಿದ್ದೇನೆ. ಕುಳಿತದ್ದು ಇವತ್ತು. ತುದಿಯಲ್ಲಿ.

ಕರೆಂಟು ದಿನಕ್ಕೆಷ್ಟು ಸಲ ಹೋಗುತ್ತದೆ? ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ? ಹೇಳಿದೆ. "ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಹೋಗ್ತೈತ್ರಿ. ಬ್ಯಾಟರಿ ಮೂವತ್ತು ನಿಮಿಷ ಅಂತ ಬರದಾರ, ಅಷ್ಟು ತಡಿಯಂಗಿಲ್ಲ. ಹದಿನೆಂಟು."

"ಹದಿನೆಂಟು ಹೆಂಗ್ ಗೊತ್ತು?"

"ನೋಡಿಕೊಂತ ಕುಂದ್ರತೀನ್ರಿ. ಬಂದ್ ಆಗೂದ್ರೊಳಗ ಎಲ್ಲಾ ಮುಚ್ಚಬೇಕಲ್ರಿ."

ನಕ್ಕರು. ಮೂವತ್ತನ್ನು ಹೊಡೆದು ಹದಿನೆಂಟು ಎಂದು ಬರೆದರು. ಓದು ಎಲ್ಲಿಯವರೆಗೆ ಎಂದು ಕೇಳಿದರು. ಐದನೇತ್ತ ಎಂದೆ. ಹುಬ್ಬು ಏರಲಿಲ್ಲ. ಕೆಳಗೆ ಬರೆದುಕೊಂಡರು: ಮಾಹಿತಿ ನೀಡಿದವರು, ಹೊಳೆಮ್ಮ.

ಊರಿಗೆ, ಗಾದಿಗನೂರಿನ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಇತ್ತೋ ಏನೋ, ನೋಡಲಿಲ್ಲ.

14-7-2009, ಮಂಗಳವಾರ

ಕ್ಲೌಡ್ ಎಂದರೇನು ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಅವರೇ ಹೇಳಿದರು. ಮುಖದಲ್ಲಿ ಗೊತ್ತಾಯಿತೇನೋ.

"ಟಿ.ಬಿ. ಡ್ಯಾಂ ನೋಡೀರಲ್ಲ? ನೀರು ಅಲ್ಲಿ. ಹೊಲ ಎಲ್ಲೋ. ಕಾಲುವಿ ಇದ್ರ ಸಾಕು, ಎಮ್ಮಿಗನೂರಾಗೂ ಭತ್ತ ಬೆಳೀತದ. ಮನಿಮನಿಗೂ ಹೊಂಡ ತೋಡೂದು ಬ್ಯಾಡ. ಇದೂ ಹಂಗ. ಆದ್ರ ಗೇಟಿನ ಕೀಲಿ ಯಾರ ಕೈಯಾಗ ಅದ, ಅವರು ಯಾರಿಗೆ ಉತ್ತರ ಕೊಡಬೇಕು—ಅದನ್ನ ಮೊದ್ಲು ಗಟ್ಟಿ ಮಾಡಬೇಕು. ಅದಕ್ಕ ಗವರ್ನೆನ್ಸ್ ಅಂತಾರ."

ಮನೆಗೆ ಬಂದು ಅಪ್ಪನಿಗೆ ಇದನ್ನೇ ಹೇಳಿದೆ. ಅಪ್ಪ ಕಾಲುವೆಯ ಗೇಟು ನೋಡುವ ಲಸ್ಕರ್, ಮೂವತ್ತು ವರ್ಷದಿಂದ. ಉಣ್ಣುತ್ತಾ ಕೇಳಿದ. "ಕೀಲಿ ಲಸ್ಕರನ ಹಂತ್ಯಾಕ ಇರ್ತೈತಿ. ಹೆಸರು ಇಂಜಿನೇರಂದು. ಇದ್ರಾಗ ಕೇಳೂದೇನೈತಿ?"

15-7-2009, ಬುಧವಾರ

ಸುಳ್ಳು ಹೇಳಿದೆ.

ನಲವತ್ತೊಂದನೆಯ ಪ್ರಶ್ನೆ. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿದೆಯೇ? ಪ್ರಿನ್ಸಿಪಾಲರು ಇಲ್ಲ ಎಂದರು. ಅವರಿಗೆ ಅದು ಸುಳ್ಳು ಎಂದೇ ಅನಿಸಿರಲಿಕ್ಕಿಲ್ಲ. ನಾನು ಅವರಿಗೆ ಇನ್ನೊಬ್ಬಳಲ್ಲ, ಸ್ವಿಚ್ಚು ಇದ್ದ ಹಾಗೆ. ಆದರೆ ನಿಯಮವಂತೆ, ಇದೊಂದನ್ನು ಸಿಬ್ಬಂದಿಯಲ್ಲಿ ಬೇರೆ ಯಾರನ್ನಾದರೂ ಕೇಳಿ ಅವರ ಹೆಸರಿನಲ್ಲೇ ಬರೆಯಬೇಕು. ಭಾರ್ಗವ್ ಸರ್ ನನ್ನ ಹತ್ತಿರ ಬಂದರು.

"ಈ ಒಂದಕ್ಕ ಹೌದು ಅಂದ್ರ, ಉಳಿದ ಅರವತ್ಮೂರು ಸರಿ ಇದ್ರೂ ಉಪಯೋಗಿಲ್ರಿ. ಅದಕ್ಕ ವಿಚಾರ ಮಾಡಿ ಹೇಳ್ರಿ."

ಅದಕ್ಕಿಂತ ಸ್ವಲ್ಪ ಮೊದಲು ಸರ್ ಹತ್ತಿರ ಅವರು ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು. ಈ ಕಾಲೇಜು ಆಯ್ಕೆಯಾದರೆ ಹತ್ತು ತಿಂಗಳು ಇಲ್ಲೇ ಇದ್ದು ಕೆಲಸ ಮಾಡಿಸಬೇಕಂತೆ. ಡ್ಯಾಂ ಕಡೆ ಒಂದು ರೂಮು ಸಿಗುತ್ತದೇನು ಎಂದು ವಿಚಾರಿಸುತ್ತಿದ್ದರು.

ಹತ್ತು ತಿಂಗಳು.

"ಇಲ್ರಿ. ಸರ್ ಒಬ್ಬರಿಗೇ ಗೊತ್ತು," ಎಂದೆ.

ಬರೆದುಕೊಂಡರು. ಥ್ಯಾಂಕ್ಸ್ ಎಂದರು. ನಾಲ್ಕು ಗಂಟೆಯ ಬಸ್ಸಿಗೆ ಹೋದರು.

21-8-2009, ಶುಕ್ರವಾರ

ಆಯ್ಕೆಯಾಗಿದೆ. ಪತ್ರ ಬಂತು. ಸರ್ ಎಲ್ಲರಿಗೂ ಪೇಢೆ ಕೊಡಿಸಿದರು. ಸೆಪ್ಟೆಂಬರ್ ಏಳರಿಂದ ಹೊಸ ವ್ಯವಸ್ಥೆ. ಅದಕ್ಕೂ ಎರಡು ವಾರ ಮೊದಲೇ ಅವರು ಬರುತ್ತಾರೆ.

ತಿಂಗಳ ಮೇಲಾಯಿತು ಇಲ್ಲಿ ಏನೂ ಬರೆಯದೆ. ಬರೆಯಲು ಏನಿತ್ತು. ಬೆಳಿಗ್ಗೆ ಬ್ರಷ್ಷು, ಸಂಜೆ ಬೀಗ. ಧಾರವಾಡದ ಬಸ್ಸು ಹನ್ನೊಂದೂಕಾಲಿಗೆ ಬರುತ್ತದೆ ಎಂದು ತಿಳಿದುಕೊಂಡಿದ್ದೇನೆ, ಸುಮ್ಮನೆ.

26-8-2009, ಬುಧವಾರ

ಸಂಜೆ ಹುಡುಗರು ಹೋದ ಮೇಲೆ ಅರ್ಧ ಗಂಟೆ ಭಾರ್ಗವ್ ಸರ್ ನನಗೆ ಕನ್ನಡದಲ್ಲಿ ಟೈಪು ಮಾಡುವುದನ್ನು ಹೇಳಿಕೊಡುತ್ತಿದ್ದಾರೆ. ನಾನು ಕೇಳಿದ್ದಲ್ಲ. ಹೊಸ ವ್ಯವಸ್ಥೆಯಲ್ಲಿ ಲ್ಯಾಬ್ ನೋಡಿಕೊಳ್ಳುವವರಿಗೂ ಅವರದೇ ಹೆಸರಿನ ಖಾತೆ ಇರಬೇಕಂತೆ. ಅಭ್ಯಾಸಕ್ಕೆ ಒಂದು ಮಾಡಿಕೊಟ್ಟರು.

"ಪಾಸ್‌ವರ್ಡ್ ನೀವ ಹಾಕ್ರಿ. ನಾ ನೋಡಂಗಿಲ್ಲ." ಮುಖ ಕಿಟಕಿಯ ಕಡೆ ತಿರುಗಿಸಿ ನಿಂತರು.

ಏನು ಹಾಕಲಿ ಎಂದು ಬಹಳ ಹೊತ್ತು ಕುಳಿತೆ. ಅವರು ಹಾಗೇ ನಿಂತಿದ್ದರು. ಹೊರಗೆ ಲಾರಿಗಳು ಹೋಗುತ್ತಿದ್ದವು. ಅಂಗಿಯ ಬೆನ್ನಿನ ಮೇಲೆ ಗೆರೆ ಬಿದ್ದಿತ್ತು, ಮಡಚಿಟ್ಟ ಅಂಗಿ ಇಸ್ತ್ರಿ ಮಾಡದೆ ಹಾಕಿಕೊಂಡಿದ್ದಾರೆ. ರೂಮಿನಲ್ಲಿ ಕರೆಂಟು ಇರಲಿಲ್ಲವೇನೋ.

"ಆತೇನ್ರಿ?"

ಆಯಿತೆಂದು ಹೇಳಲು ಮನಸ್ಸಿರಲಿಲ್ಲ.

30-8-2009, ಭಾನುವಾರ

ನಿನ್ನೆ ಹೇಳಿದ್ದರು. "ನಾಳೆ ಹಂಪಿಗೆ ಹೊಂಟೇವಿ, ಸ್ಟಾಫಿನವರು ನಾಕು ಮಂದಿ. ನೀವೂ ಬರ್ರಿ. ಊರವರು ಒಬ್ರು ಇದ್ರ ಛಲೋ."

"ಮನ್ಯಾಗ ಕೆಲಸ ಐತ್ರಿ," ಎಂದೆ.

ಯಾವ ಕೆಲಸ? ಜೋಳ ಹಸನು ಮಾಡುವುದು. ಅವ್ವ ಕೂಡ ಕೇಳಿದಳು, ನಿನ್ನೆನೇ ಮಾಡಿಟ್ಟೀನಲ್ಲ, ಮತ್ತ್ಯಾಕ ಮಾಡ್ತಿ ಎಂದು. ಹಸನಾದದ್ದನ್ನೇ ಇನ್ನೊಮ್ಮೆ ಹಸನು ಮಾಡಿದೆ. ಮೂರು ಗಂಟೆಗೆ ಎದ್ದು ಹೊಸಪೇಟೆಗೆ ಹೋದೆ. ಬಳೆ ಬೇಕಿತ್ತು ಎಂದೆ ಅವ್ವನಿಗೆ. ಹಂಪಿಯ ಬಸ್ಸು ನಿಲ್ಲುವ ಕಡೆ ನಿಂತೆ. ಒಂದು ಬಸ್ಸು ಹೋಯಿತು. ಒಂದು ಬಂತು. ಫಾರಿನ್‌ನವರು ಇಳಿದರು, ಬಾಳೆಹಣ್ಣಿನ ಬುಟ್ಟಿಯವಳು ಇಳಿದಳು. ಇನ್ನೊಂದು ಬಂತು...

ಇಳಿದಿದ್ದರೆ ಏನು ಹೇಳುತ್ತಿದ್ದೆ? ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಬಳೆ ತೆಗೆದುಕೊಳ್ಳಲಿಲ್ಲ.

1-9-2009, ಮಂಗಳವಾರ

ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದರು. ಫೈಲು ಇಡಲು ಅವರ ಕೋಣೆಗೆ ಹೋದರೆ, ಸರ್ ಅವರ ಕುರ್ಚಿಯಲ್ಲಿ ಸೂಪರಿಂಟೆಂಡೆಂಟ್ ಪಂಪಣ್ಣ. ಬೆಳಿಗ್ಗೆ ನಾನು ತೆರೆದಿಟ್ಟ ಪರದೆಯಲ್ಲಿ ಬಿ.ಕಾಂ. ಇಂಟರ್ನಲ್ ಮಾರ್ಕ್ಸಿನ ಪುಟ.

"ಏನವಾ?"

"ಫೈಲ್ ರೀ."

"ಇಟ್ಟು ಹೋಗು." ಆಮೇಲೆ ನಕ್ಕ. "ಮೈನಿಂಗ್ ಸಾವುಕಾರ್ರ ಮಕ್ಕಳು, ಪಾಪ. ದಿನಾ ಲಾರಿ ಲೋಡ್ ನೋಡೂದು ಬಿಟ್ಟು ಕ್ಲಾಸಿಗೆ ಬರಾಕಾಗ್ತೈತೇನು? ನಾಕು ಮಾರ್ಕ್ಸ್ ಹೆಚ್ಚಿಗಿ ಆದ್ರ ಭೂಮಿ ಬಾಯಿ ಬಿಡಂಗಿಲ್ಲ."

ಅವನು ಬೀಗ ಒಡೆದಿಲ್ಲ. ತೆರೆದಿಟ್ಟವಳು ನಾನು. ಎರಡು ವರ್ಷ, ದಿನಾ ಬೆಳಿಗ್ಗೆ. ಎಷ್ಟು ಸಲ ಕುಳಿತಿದ್ದಾನೋ.

2-9-2009, ಬುಧವಾರ

ಇವತ್ತಿನ ಪಾಠ ನಡೆಯಲಿಲ್ಲ, ಅವರಿಗೆ ಕೆಲಸವಿತ್ತು. ನಾನು ಕಸ ತೆಗೆಯುತ್ತಿದ್ದೆ. ಫಾರಂನ ಕೊನೆಯ ಹಾಳೆ ತೋರಿಸಿದರು.

"ಸೋಮವಾರ ಚಾಲೂ ಆಗೂದ್ರೊಳಗ ಕೊಡೂದದ, ನಾಳೆ ಇದರ ಮ್ಯಾಲೆ ನಾ ಸಹಿ ಮಾಡಬೇಕು. ಎಲ್ಲಾ ನಾನ ಖುದ್ದು ಪರೀಕ್ಷಾ ಮಾಡೀನಿ, ಜವಾಬ್ದಾರಿ ನಂದು ಅಂತ. ಮೊದಲನೇ ಸಲರಿ ನನ್ನ ಹೆಸರಿಲೆ ಹಿಂಥಾದ್ದು ಹೊಂಟದ್ದು." ಸಂತೋಷದಲ್ಲಿದ್ದರು. "ಸೋಮವಾರದ ಮ್ಯಾಲೆ ಪಾಸ್‌ವರ್ಡ್ ಗೊತ್ತಿದ್ದವರು ಸಂಡೂರಿನ ಸೈಬರ್ ಸೆಂಟರಿನಾಗ ಕುಂತೂ ಮಾರ್ಕ್ಸ್ ತಿದ್ದಬಹುದು. ಈ ಕೋಣೀಗೆ ಬರೋ ಜರೂರಿಲ್ಲ. ಹಂಗೇನರ ಆತು ಅಂದ್ರ ಮೊದಲು ಕೇಳೂದು ನನ್ನ."

ಕಸ ಬಾಗಿಲ ಹತ್ತಿರ ಗುಡ್ಡೆಯಾಗಿತ್ತು. ತುಂಬಿಕೊಳ್ಳದೆ ಬಂದುಬಿಟ್ಟೆ.

ಹೇಳಿದರೆ ಹೋಗುತ್ತಾರೆ. ಹೇಳದಿದ್ದರೆ ಇರುತ್ತಾರೆ, ನನ್ನ ಸುಳ್ಳಿನ ಕೆಳಗೆ ಸಹಿ ಮಾಡಿ. ಹತ್ತು ತಿಂಗಳೂ ಆ ಅಂಗಿ ನೋಡಬಹುದು. ಮುಖ ನೋಡಲು ಆಗುತ್ತದೆಯೇ?

3-9-2009, ಗುರುವಾರ, ಸಂಜೆ

ಬರೆದಿಡಬೇಕು.

ವಿದ್ಯಾಧೀಶ ಸರ್ ಮೀಟಿಂಗಿಗೆ ಕಂಪ್ಲಿಗೆ ಹೋಗಿದ್ದರು. ನಡುವೆ ಕರೆಂಟು ಹೋಗಿ ಅವರ ಕಂಪ್ಯೂಟರು ಬಂದ್ ಆಗಿತ್ತು. ಭಾರ್ಗವ್ ಸರ್‌ಗೆ ಅದರಲ್ಲಿ ಏನೋ ಒಂದನ್ನು ನೋಡಿ ಫಾರಂ ಮುಗಿಸಬೇಕಿತ್ತು. "ಸರ್ ಬರೋತನಾ ಕಾಯಬೇಕಾತು" ಎನ್ನುತ್ತಾ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಿದ್ದರು. ಫಾರಂ ಮೇಜಿನ ಮೇಲೆ.

ಹೇಳಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಇನ್ನೊಮ್ಮೆ ತೆರೆದೆ. ಬರಲಿಲ್ಲ.

ಹೋಗಿ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕುಳಿತೆ. ಕಂಪ್ಯೂಟರು ಹಾಕಿದೆ. ಅದು ಎಚ್ಚರವಾಗುವವರೆಗೆ ಕಾದೆ. ಪಾಸ್‌ವರ್ಡ್ ಒತ್ತಿದೆ. ಹನ್ನೊಂದು ಚುಕ್ಕೆ ಬಿದ್ದವು. ಎಂಟರ್. ಪುಟ ತೆರೆಯಿತು. ಎದ್ದು ಗೋಡೆಗೆ ನಿಂತೆ.

ಬಹಳ ಹೊತ್ತು ಪರದೆಯನ್ನೇ ನೋಡಿದರು.

"ಎಷ್ಟು ದಿನದಿಂದ್ರಿ?"

"ಎರಡು ವರ್ಷಾತ್ರಿ."

"ಇನ್ನ್ಯಾರಿಗೆ ಗೊತ್ತದ?"

"ಯಾರಿಗೂ ಇಲ್ರಿ. ಆದ್ರ ದಿನಾ ತೆಗೆದಿಟ್ಟು ಹೋಗ್ತೀನ್ರಿ. ಯಾರು ಬೇಕಾದ್ರೂ ಬಂದು ಕುಂದ್ರತಾರ... ಮೊನ್ನೆ ಕುಂತಿದ್ರು."

ಯಾರೆಂದು ಕೇಳಿದರು. ಹೇಳಿದೆ.

ಫಾರಂ ಎಳೆದುಕೊಂಡು ನಲವತ್ತೊಂದರ ಪುಟ ತೆಗೆದರು. ತಾವು ಬರೆದುಕೊಂಡಿದ್ದ ನನ್ನ ಉತ್ತರಕ್ಕೆ ಒಂದು ಗೆರೆ ಎಳೆದರು. ಪೆನ್ನು ನನ್ನ ಕಡೆ ತಿರುಗಿಸಿಟ್ಟರು. "ನೀವ ಬರೀರಿ."

ಹೌದು ಎಂದು ಬರೆದೆ. ಕೆಳಗೆ ಸಹಿ. ತಾರೀಖು ಹಾಕ್ರಿ ಎಂದರು, ಹಾಕಿದೆ. ಹೊರಗೆ ಹೋದರು. ಮಾರೆಪ್ಪನ ಹತ್ತಿರ ಬೆಂಕಿಪೆಟ್ಟಿಗೆ ಕೇಳಿದ್ದು ಕೇಳಿಸಿತು. ಸಿಗರೇಟು ಸೇದುವುದು ಗೊತ್ತಿರಲಿಲ್ಲ.

4-9-2009, ಶುಕ್ರವಾರ

ವಿದ್ಯಾಧೀಶ ಸರ್ ಕರೆದರು. ಮುಂದೆ ಫಾರಂ ಇತ್ತು.

"ನೀನು ಮಾತಾಡೋದಿಲ್ಲ ಅಂತ ಕೊಟ್ಟಿದ್ದೆನಲ್ಲವಾ."

"ಮಾತಾಡಿಲ್ರಿ ಸರ್."

ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕುಳಿತರು. ಅದರ ಮೇಲೆ ಧೂಳಿರಲಿಲ್ಲ. "ತಪ್ಪು ನಂದದ. ಕಲೀಲಿಕ್ಕೆ ಅಂಜಿದೆ. ಇಪ್ಪತ್ತೆಂಟು ವರ್ಷ ಹುಡುಗರಿಗೆ ಪಾಠ ಹೇಳೀನಿ, ನಾನ ಕಲೀಲಿಕ್ಕೆ ಅಂಜಿದೆ ನೋಡು."

ಮೇಷ್ಟ್ರುಗಳ ಹತ್ತಿರ ಇರುವ ಮಾರ್ಕ್ಸಿನ ಪುಸ್ತಕಗಳನ್ನೆಲ್ಲ ತರಿಸಿ ತಾಳೆ ನೋಡಿಸುತ್ತಿದ್ದಾರೆ. ಇದುವರೆಗೆ ಆರು ಹುಡುಗರದು ಬೇರೆ ಬಂದಿದೆ. ವರಾಂಡದಲ್ಲಿ ಪಂಪಣ್ಣ ಅಡ್ಡ ನಿಂತ. "ಬಾಯಿಲ್ಲದಾಕಿ ಅಂದ್ಕೊಂಡಿದ್ವಲ್ಲ ತಾಯಿ. ಕಾಲೇಜಿನ ಮಾನ ಹರಾಜ್ ಹಾಕಿದಿ. ಖುಷಿ ಆತೇನು?"

ಇಲ್ಲ. ಆಗಲಿಲ್ಲ.

8-9-2009, ಮಂಗಳವಾರ

ಕಾಲೇಜು ಸಿದ್ಧವಿಲ್ಲ ಎಂದು ಭಾರ್ಗವ್ ಸರ್ ಬರೆದು ಕಳಿಸಿದರು. ನಮ್ಮ ಜಾಗಕ್ಕೆ ಬೇರೆ ಊರಿನ ಕಾಲೇಜು. ಅವರನ್ನೂ ಅಲ್ಲಿಗೇ ಹಾಕಿದ್ದಾರೆ.

ಹೊರಡುವ ಮೊದಲು ಲ್ಯಾಬಿಗೆ ಬಂದರು. ನಾನು ಬ್ರಷ್ಷು ಹಿಡಿದು ಒಂಬತ್ತನೆಯ ಕಂಪ್ಯೂಟರಿನ ಹತ್ತಿರ ಇದ್ದೆ. ಬ್ಯಾಗು ಕೆಳಗಿಟ್ಟರು.

"ಮುಂದಿನ ವರ್ಷ ಮತ್ತ ನೋಡ್ಲಿಕ್ಕೆ ಬರ್ತಾರ್ರಿ. ಯಾರು ಬರ್ತಾರೋ ಗೊತ್ತಿಲ್ಲ. ನೀವು ಟೈಪಿಂಗ್ ಬಿಡಬ್ಯಾಡ್ರಿ."

ತಲೆಯಾಡಿಸಿದೆ.

"ನೀವು ಹೇಳಿದ್ದು ಭಾಳ ಛಲೋ ಆತು. ಇಲ್ಲಂದ್ರ ನಾ ಮುಳುಗ್ತಿದ್ದೆ." ಆಮೇಲೆ, "ಮೊದಲನೇ ಸಲ ಯಾಕ ಇಲ್ಲ ಅಂದ್ರಿ? ನೌಕರಿ ಹೋಗ್ತದ ಅಂತ ಅಂಜಿದ್ರೇನು?"

ಎಷ್ಟು ಮೃದುವಾಗಿ ಕೇಳಿದರು. ಉತ್ತರವನ್ನೂ ಅವರೇ ಕೈಗಿಟ್ಟರು.

ಹೌದೆಂದು ತಲೆಯಾಡಿಸಿದೆ.

"ಅದು ಸಹಜರಿ," ಎಂದರು. ಬ್ಯಾಗು ಎತ್ತಿಕೊಂಡರು. ಗೇಟಿನ ಹತ್ತಿರ ಮಾರೆಪ್ಪನ ಜೊತೆ ಏನೋ ಮಾತಾಡಿ ನಗುತ್ತಿದ್ದುದು ಕೇಳಿಸಿತು. ಆಮೇಲೆ ಲಾರಿಗಳ ಸದ್ದು ಮಾತ್ರ.

ನಲವತ್ತೊಂದಕ್ಕೆ ಎರಡನೆಯ ಸುಳ್ಳು.

26-10-2009, ಸೋಮವಾರ

ಸರ್ ಈಗ ತಾವೇ ಪಾಸ್‌ವರ್ಡ್ ಒತ್ತುತ್ತಾರೆ. ಹೊಸದು. ಬಲಗೈಯ ಒಂದೇ ಬೆರಳು, ಮತ್ತು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳಿಕೊಂಡು ಒತ್ತುತ್ತಾರೆ. ಸಂಧ್ಯಾವಂದನೆಯ ಮಂತ್ರದ ಹಾಗೆ ವರಾಂಡದವರೆಗೂ ಕೇಳುತ್ತದೆ. ಅವರು ಶುರುಮಾಡಿದ ಕೂಡಲೇ ಹೊರಗೆ ಬಂದು ಬಾಗಿಲು ಮುಚ್ಚಿ ಕಾವಲು ನಿಲ್ಲುತ್ತೇನೆ.

"ಮಡಿ ಏನವಾ ಒಳಗ?" ಎಂದು ಕೇಳಿದ ಮಾರೆಪ್ಪ.

ಪಂಪಣ್ಣನನ್ನು ಪರೀಕ್ಷಾ ವಿಭಾಗದಿಂದ ತೆಗೆದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ. ನನಗೂ. ಲ್ಯಾಬ್ ಸಹಾಯಕಿ ಎಂದಿದೆ. ಮೇಲ್ ಕೂಡ ಕಳಿಸಬಹುದು. ಖಾತೆ ಬಂದು ಒಂದು ತಿಂಗಳಾಯಿತು. ಯಾರಿಗೂ ಕಳಿಸಿಲ್ಲ.

ಬೆಳಿಗ್ಗೆ ಇಪ್ಪತ್ತೆರಡೂ ಒರೆಸಿ ಆದ ಮೇಲೆ ಹತ್ತು ನಿಮಿಷ ಸಿಗುತ್ತವೆ. ಕಿಟಕಿಯ ಹತ್ತಿರ, ಭಾರ್ಗವ್ ಸರ್ ಮುಖ ತಿರುಗಿಸಿ ನಿಂತಿದ್ದ ಕಡೆ, ಹೋಗಿ ನಿಲ್ಲುತ್ತೇನೆ. ನೋಡಲು ಏನೂ ಇಲ್ಲ ಅಲ್ಲಿ. ರಸ್ತೆ, ಕೆಂಪಾದ ಬೇವಿನ ಮರ, ಟೈರಿನ ಅಂಗಡಿ. ಅಷ್ಟು ಹೊತ್ತು ಅವರು ಏನು ನೋಡುತ್ತಿದ್ದರು?

17-11-2009, ಮಂಗಳವಾರ

ಭಾರ್ಗವ್ ಸರ್ ಕಳಿಸಿದ ವರದಿಯ ಪ್ರತಿ ಇವತ್ತು ಪ್ರಿನ್ಸಿಪಾಲರು ಕೊಟ್ಟರು, ಲ್ಯಾಬಿನಲ್ಲಿ ಫೈಲು ಮಾಡಲು. ಎಲ್ಲ ಓದಿದೆ. ಬ್ಯಾಟರಿ ಹದಿನೆಂಟು ನಿಮಿಷ ಎಂದೇ ಇದೆ. ನಲವತ್ತೊಂದರಲ್ಲಿ ನನ್ನ ಅಕ್ಷರ. ಅದರ ಪಕ್ಕದಲ್ಲಿ ಅವರು ಬರೆದಿದ್ದಾರೆ: "ಕೆಲಸಕ್ಕೆ ತೊಂದರೆಯಾಗಬಹುದೆಂಬ ಅಂಜಿಕೆಯಿಂದ ಮೊದಲು ಇಲ್ಲ ಎಂದಿದ್ದರು. ನಂತರ ತಾವಾಗಿಯೇ ತಿಳಿಸಿದರು."

ಇನ್ನು ಅದೇ ಕಾಗದದ ಮೇಲೆ ಇರುತ್ತದೆ. ಅಂಜಿದ ಹೊಳೆಮ್ಮ.

ಕೊನೆಯ ಹಾಳೆಯಲ್ಲಿ ಅವರ ಹೆಸರು, ಕೆಳಗೆ ಮೇಲ್ ವಿಳಾಸ.

18-11-2009, ಬುಧವಾರ, ಬೆಳಿಗ್ಗೆ 9.20

ಒರೆಸಿ ಆಯಿತು. ನನ್ನ ಹೆಸರು, ನನ್ನ ಪಾಸ್‌ವರ್ಡ್. ಖಾಲಿ ಪುಟ ತೆರೆದಿದೆ. ವಿಳಾಸ ಹಾಕಿದ್ದೇನೆ, ನಾಲ್ಕು ಸಲ ತಾಳೆ ನೋಡಿದೆ. ಟೈಪು ಮಾಡುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಭಾರ್ಗವ್ ಸರ್ ಅವರಿಗೆ, ಹೊಳೆಮ್ಮ ಮಾಡುವ ನಮಸ್ಕಾರಗಳು. ವರದಿ ಓದಿದೆ. ನಲವತ್ತೊಂದನೆಯದರ ಪಕ್ಕ ಬರೆದದ್ದು ಸರಿಯಲ್ಲ. ನೌಕರಿಗಾಗಿ ಅಂಜಿ ಹಾಗೆ ಹೇಳಿದ್ದಲ್ಲ. ನೀವು ಕೇಳಿದಾಗ ತಲೆಯಾಡಿಸಿದೆ, ಅದೂ ಸುಳ್ಳು. ಮೊದಲ ಸಲ ಇಲ್ಲ ಎಂದದ್ದು ಏಕೆಂದರೆ, ಹತ್ತು ತಿಂಗಳು ನೀವು ಇಲ್ಲೇ...